ಹಗೇವಿನ ಒಣಹುಲ್ಲು

“ಅಜ್ಜಾರ, ಎದಿಯೊಳಗ ನೀರು ಜಿನುಗಾಕ ಹತ್ತಿ ಎರಡು ವರ್ಷ ಆಗಿರಬೇಕು ಅಂತ ಡಾಕ್ಟರು ಅಂದರು. ಇಷ್ಟು ದಿನ ಆ ಎದಿ ಯಾಕ ಸುಮ್ಮನಿತ್ತು? ಒಂದು ಮಾತು ಯಾಕ ಹೇಳಲಿಲ್ಲ?”

ಬನವ್ವ ಹೀಗೆ ಕೇಳಿದಾಗ ಮಠದ ಪಡಸಾಲೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮಧ್ಯಾಹ್ನದ ಪ್ರಸಾದ ಮುಗಿದು ಜನ ಹೋಗಿದ್ದರು. ಗುರುಗಳು ಕಂಬಕ್ಕೆ ಒರಗಿ ಕುಳಿತಿದ್ದರು. ಅವರ ಹೆಗಲ ಮೇಲೆ ಒಂದು ಹಚ್ಚಡವಿತ್ತು. ಕಳೆದ ಶ್ರಾವಣದಲ್ಲಿ ಬನವ್ವನ ಗಂಡ ಕೂಡ್ಲೆಪ್ಪ ನೇಯ್ದು ಒಪ್ಪಿಸಿದ್ದು ಅದು. ಆ ಊರಿನ ನೇಕಾರರು ವರ್ಷಕ್ಕೊಂದು ಹಚ್ಚಡವನ್ನು ಮಠಕ್ಕೆ ಕೊಡುವುದು ಹಿಂದಿನಿಂದ ಬಂದ ಪದ್ಧತಿ. ಅದಕ್ಕೊಂದು ಕಟ್ಟಳೆಯಿತ್ತು. ಬೇರೆ ಬಟ್ಟೆಯನ್ನು ಮನೆಯವರೆಲ್ಲ ಸೇರಿ ನೇಯಬಹುದು. ಮಠದ ಹಚ್ಚಡ ಮಾತ್ರ ಮೊದಲ ಎಳೆಯಿಂದ ಕೊನೆಯ ಎಳೆಯವರೆಗೆ ಒಂದೇ ಕೈಯದಾಗಿರಬೇಕು. ಇಪ್ಪತ್ತೆರಡು ವರ್ಷದಿಂದ ಆ ಕೈ ಕೂಡ್ಲೆಪ್ಪನದು.

ಗುರುಗಳು ಅವಳ ಮುಖ ನೋಡಿದರು. ಎಂಟು ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕಳೆದು ಬಂದ ಮುಖ ಅದು.

“ಡಾಕ್ಟರು ಹೇಗೆ ಹೇಳಿದರೋ ಹಾಗೆಯೇ ಹೇಳು, ತಾಯಿ.”

ಬನವ್ವ ನೆನಪು ಮಾಡಿಕೊಂಡು ಹೇಳಿದಳು. ಹೃದಯ ರಕ್ತವನ್ನು ಮುಂದಕ್ಕೆ ತಳ್ಳಬೇಕು. ಕೂಡ್ಲೆಪ್ಪನ ಹೃದಯ ಬಲಗುಂದಿದೆ. ಅದು ತಳ್ಳಲಾರದ ರಕ್ತ ಹಿಂದೆ ಶ್ವಾಸಕೋಶದಲ್ಲಿ ಒತ್ತರಿಸಿ ನಿಲ್ಲುತ್ತದೆ. ಅಲ್ಲಿಂದ ನೀರು ಜಿನುಗುತ್ತದೆ. ಶ್ವಾಸಕೋಶದಲ್ಲಿ ಕೂದಲೆಳೆಯಂಥ ಕಾಲುವೆಗಳಿವೆ. ಜಿನುಗಿದ್ದನ್ನು ಅವು ಹೊತ್ತು ಸಾಗಿಸುತ್ತವೆ. ಜಿನುಗುವುದು ಹೆಚ್ಚಿದಂತೆ ಆ ಕಾಲುವೆಗಳೂ ಅಗಲವಾಗುತ್ತವೆ. ಮೊದಲು ಹೊರುತ್ತಿದ್ದುದಕ್ಕಿಂತ ಎಷ್ಟೋ ಪಟ್ಟು ಹೊರುತ್ತವೆ. ಹಾಗಾಗಿ ಗಾಳಿ ಓಡಾಡುವ ಜಾಗಕ್ಕೆ ನೀರು ನುಗ್ಗುವುದಿಲ್ಲ. ಉಸಿರು ನಡೆಯುತ್ತದೆ. ನೋಡುವವರಿಗೂ ಗೊತ್ತಾಗುವುದಿಲ್ಲ, ಉಸಿರಾಡುವವನಿಗೂ ಗೊತ್ತಾಗುವುದಿಲ್ಲ.

“ಹೋದ ಸೋಮವಾರ ಉಂಡು ಅಡ್ಡಾದವರು ಎದ್ದು ಕುಂತುಬಿಟ್ರು. ಮಲಗಿದರ ಮುಳುಗಿದಂಗ ಆಗತೈತಿ ಅಂದರು. ಬಾಯಾಗ ನೊರಿ ಬಂತು. ಆವಾಗ ಗೊತ್ತಾತ್ರಿ ನಮಗ.”

“ಆ ಕಾಲುವೆಗಳು ನೀರನ್ನು ಹೊತ್ತು ಎಲ್ಲಿಗೆ ಹಾಕುತ್ತವಂತೆ?”

“ಅದನ್ನೂ ಹೇಳಿದರ್ರಿ. ನನ್ನ ಲಕ್ಷ್ಯ ಇರಲಿಲ್ಲ.”

“ಈಗ ಕೂಡ್ಲೆಪ್ಪ ಹೇಗಿದ್ದಾನೆ?”

“ಔಷಧ ಹಾಕಿ ನೀರು ಇಳಿಸ್ಯಾರ. ನಾಳೆ ಮನಿಗೆ ಕಳಸ್ತಾರ. ಕುಣಿಮಗ್ಗಕ್ಕ ಇಳಿಯಾಕ ಕೂಡದು, ಇಳಿದರ ಮುಂದಿನ ಸಲ ಉಳಿಯಂಗಿಲ್ಲ ಅಂತ ನನ್ನ ಹೊರಗ ಕರದು ಹೇಳಿದರು. ಅವರಿಗೂ ಹೇಳಿದರು. ಇವರು ನಕ್ಕುಬಿಟ್ರು. ‘ದಿನಾ ನಾಕು ಗೇಣು ನೇಯೋ ಗಂಡಸಿಗೆ ಎದಿ ಸೋತೈತಿ ಅಂತೀರಲ್ಲ, ನಿಮ್ಮ ಮಿಶನ್ನ ಸೋತಿರಬೇಕು ನೋಡ್ರಿ’ ಅಂದರು. ನರ್ಸಬಾಯೇರೂ ನಕ್ಕರು.”

ತಾನು ನಗಲಿಲ್ಲವೆಂಬುದನ್ನು ಬನವ್ವ ಹೇಳಲಿಲ್ಲ.

“ಈ ಸಲದ ಹಚ್ಚಡ ಅರ್ಧಕ್ಕ ನಿಂತೈತಿ. ಬಂದ ದಿನಾನ ಮಗ್ಗಕ್ಕ ಕೂಡ್ರತೀನಿ ಅಂತಾರ. ನಾ ಹೆಂಗ ತಡೀಲಿ, ಅಜ್ಜಾರ? ಆ ಎದಿ ಮೊದಲ ಹೇಳಿದ್ದರ ಈ ಗತಿ ಬರತಿತ್ತೇನು? ಒಳಗ ಇದ್ದುಕೊಂಡು ಮೋಸ ಮಾಡಿತು.”

ಗುರುಗಳ ಹೆಬ್ಬೆರಳು ಹಚ್ಚಡದ ಅಂಚಿನ ಮೇಲೆ ನಿಧಾನವಾಗಿ ಸರಿಯುತ್ತಿತ್ತು. ಸನ್ಯಾಸಕ್ಕೆ ಮೊದಲು ಅವರೂ ನೇಕಾರರ ಮನೆಯ ಮಗ. ಬೆರಳು ಒಂದು ಕಡೆ ನಿಂತಿತು.

“ಒಂದು ಊರಿನ ಕತೆ ಹೇಳುತ್ತೇನೆ. ಕೇಳು” ಎಂದರು.

ಒಂದು ಊರಿತ್ತು. ಆ ಊರಿನ ಜನ ಬೀಜದ ಜೋಳವನ್ನು ಹಗೇವಿನಲ್ಲಿ ಇಡುತ್ತಿದ್ದರು. ನೆಲವನ್ನು ಆಳವಾಗಿ ತೋಡಿ, ಒಳಗೆ ಸುತ್ತಲೂ ಹುಲ್ಲು ಹೊದಿಸಿ, ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿದರೆ ಅದು ಹಗೇವು. ಊರ ಪಕ್ಕದ ಬಯಲಿನಲ್ಲಿ ಅಂಥ ನೂರು ಹಗೇವುಗಳಿದ್ದವು. ಒಂದೊಂದು ಮನೆಗೆ ಒಂದೊಂದು. ಹಗೇವಿಗೆ ಬೇಕಾದದ್ದು ಒಂದೇ. ಅದು ಒಣಗಿರಬೇಕು.

ಬಯಲಿನ ಮಗ್ಗುಲಲ್ಲಿ ಒಂದು ಹೊಂಡ. ಹಿಂದೊಮ್ಮೆ ಹಳ್ಳ ದಿಕ್ಕು ಬದಲಿಸಿದಾಗ ಆದ ಹೊಂಡ. ಹಳ್ಳದ ನೀರು ದಿನವೂ ಬಂದು ಅದರಲ್ಲಿ ಬೀಳುತ್ತಿತ್ತು. ತಾನಾಗಿ ಹೊರಗೆ ಹೋಗಲು ಅದಕ್ಕೆ ದಾರಿಯಿರಲಿಲ್ಲ. ಆದ್ದರಿಂದ ಊರಿನವರು ದಂಡೆಯ ಮೇಲೆ ಒಂದು ಏತ ಹೂಡಿ, ಒಬ್ಬ ಏತದವನನ್ನು ಇಟ್ಟರು. ಅವನು ಹಗ್ಗ ಎಳೆದು, ಬಾನಿಯಲ್ಲಿ ನೀರೆತ್ತಿ, ಮೇಲಿನ ಕಾಲುವೆಗೆ ಸುರಿಯಬೇಕು. ಅಲ್ಲಿಂದ ನೀರು ಹೊಲಗಳಿಗೆ ಹೋಗುತ್ತದೆ. ಏತ ನಡೆದಷ್ಟು ದಿನ ಹೊಲಕ್ಕೆ ನೀರು ಇರುತ್ತದೆ, ಹಗೇವಿಗೆ ಒಣ ನೆಲ ಇರುತ್ತದೆ. ಏತ ನಿಂತರೆ ಹೊಂಡ ಏರುತ್ತದೆ. ಏರಿದ ನೀರು ಬಯಲಿನೊಳಕ್ಕೆ ಬಸಿಯುತ್ತದೆ.

ಹಗೇವುಗಳನ್ನು ನೋಡಿಕೊಳ್ಳಲು ಒಬ್ಬ ಹೆಂಗಸಿದ್ದಳು. ಕಲ್ಲು ಸರಿಸಿ ಗಾಳಿಯಾಡಿಸುವುದು, ಮುಗ್ಗಿದ ಹುಲ್ಲು ಬದಲಿಸುವುದು, ಜೋಳ ತೆಗೆಯುವ ದಿನ ದೀಪ ಇಳಿಬಿಟ್ಟು ಒಳಗೆ ಕೆಟ್ಟ ಗಾಳಿ ಇಲ್ಲವೆಂದು ನೋಡುವುದು ಅವಳ ಕೆಲಸ. ಬಯಲಿನ ಸುತ್ತ ಗೇಣಗಲದ ಒಂದು ಬಸಿಗಾಲುವೆಯಿತ್ತು. ನೆಲದಿಂದ ಜಿನುಗಿದ ನೀರು ಅದರಲ್ಲಿ ಇಳಿದು ಒಂದು ಗುಂಡಿಗೆ ಬರುತ್ತಿತ್ತು. ವಾರಕ್ಕೊಮ್ಮೆ ಅವಳು ಅದನ್ನು ಒಂದೆರಡು ಕೊಡಗಳಲ್ಲಿ ಹೊತ್ತು, ದಿಬ್ಬ ದಾಟಿ, ಆಚೆ ಹಳ್ಳಕ್ಕೆ ಸುರಿದು ಬರುತ್ತಿದ್ದಳು. ಎಂಥ ಏತವಿದ್ದರೂ ಅಷ್ಟು ನೀರು ಬಸಿಯುವುದೇ.

ಆ ಊರಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ಅಮಾವಾಸ್ಯೆಯ ಮುಂಜಾನೆ ಊರ ಹಿರಿಯ ಬಯಲಿಗೆ ಬರುತ್ತಾನೆ. ಯಾವುದಾದರೂ ಒಂದು ಹಗೇವಿನ ಕಲ್ಲು ಸರಿಸಿ, ಒಳಗಿನ ಹುಲ್ಲು ಒಂದು ಹಿಡಿ ತೆಗೆದು, ಕಿವಿಯ ಹತ್ತಿರ ಹಿಡಿದು ಹಿಸುಕುತ್ತಾನೆ. ಹುಲ್ಲು ಗರಗರ ಎಂದರೆ ಏತ ಚೆನ್ನಾಗಿದೆ ಎಂದು ಅರ್ಥ. ಏತದವನಿಗೆ ಎಲ್ಲರೆದುರು ಎಲೆ ಅಡಿಕೆ ಕೊಡುತ್ತಾರೆ. ಹುಲ್ಲು ಸದ್ದಿಲ್ಲದೆ ಮುದ್ದೆಯಾದರೆ ಏತದವನು ಸೋತ ಎಂದು ಅರ್ಥ. ಅವನನ್ನು ಇಳಿಸಿ ಬೇರೆಯವನನ್ನು ಹತ್ತಿಸುತ್ತಾರೆ. ಹೊಂಡದ ಹತ್ತಿರ ಹೋಗಿ ನೀರು ಎಷ್ಟಿದೆ ಎಂದು ನೋಡುವ ಪದ್ಧತಿ ಇರಲಿಲ್ಲ. ಹುಲ್ಲೇ ಹೇಳುವಾಗ ಹೊಂಡ ನೋಡುವುದೇಕೆ ಎಂದು ಹಿರಿಯರು ಬಗೆದಿದ್ದರು.

ಏತದವನು ಮೂವತ್ತು ವರ್ಷ ನೀರೆತ್ತಿದ. ಮೂವತ್ತೊಂದನೆಯ ವರ್ಷ ಅವನ ತೋಳಿನ ಬಲ ತಗ್ಗಿತು. ದಿನಕ್ಕೆ ಮುನ್ನೂರು ಬಾನಿ ಎತ್ತುತ್ತಿದ್ದವನು ಇನ್ನೂರೆಂಬತ್ತು ಎತ್ತಿದ. ಇಪ್ಪತ್ತು ಬಾನಿ ನೀರು ಹೊಂಡದಲ್ಲೇ ಉಳಿಯಿತು. ಉಳಿದ ನೀರು ಸುಮ್ಮನಿರುವುದಿಲ್ಲ. ಅದು ನೆಲದೊಳಗೆ ದಾರಿ ಹುಡುಕಿತು.

ಮೊದಲು ಗೊತ್ತಾದದ್ದು ಹಗೇವಿನವಳಿಗೆ. ಅವಳ ಗುಂಡಿ ವಾರಕ್ಕೆ ಎರಡು ಸಲ ತುಂಬಿತು. ಅವಳು ದಿಬ್ಬ ಹತ್ತಿ ಏತದ ಕಡೆ ನೋಡಿದಳು. ಅವನು ನಾಲ್ಕು ಸಲ ಎಳೆದು ಒಂದು ಸಲ ನಿಲ್ಲುತ್ತಿದ್ದ. ಅವಳಿಗೆ ತಿಳಿಯಿತು.

ಅಮಾವಾಸ್ಯೆಗೆ ಹುಲ್ಲು ಮೆತ್ತಗಾದರೆ ಅವನನ್ನು ಇಳಿಸುತ್ತಾರೆ. ಏತ ಬಿಟ್ಟು ಅವನಿಗೆ ಬೇರೆ ಬದುಕಿರಲಿಲ್ಲ. ಅವಳು ಗಂಡನನ್ನು ಕಳೆದುಕೊಂಡು ದಿಕ್ಕಿಲ್ಲದೆ ಆ ಊರಿಗೆ ಬಂದಾಗ, ‘ಹಗೇವಿನ ಕೆಲಸ ಇವಳಿಗೆ ಕೊಡಿ’ ಎಂದು ಹಿರಿಯರಿಗೆ ಹೇಳಿದವನು ಅವನೇ. ಸ್ವಲ್ಪ ದಿನ ನಾನು ಹೊರುತ್ತೇನೆ, ಅವನು ಸುಧಾರಿಸಿಕೊಳ್ಳಲಿ, ಎಂದುಕೊಂಡಳು.

ಅವನು ಸುಧಾರಿಸಿಕೊಳ್ಳಲಿಲ್ಲ.

ಮರುವರ್ಷ ಇನ್ನೂರೈವತ್ತು ಬಾನಿ. ಅವಳು ಗೇಣಗಲದ ಬಸಿಗಾಲುವೆಯನ್ನು ಮೊಳದಗಲ ಮಾಡಿದಳು. ಅದರ ಮುಂದಿನ ವರ್ಷ ಇನ್ನೂರು. ಅವಳು ಇನ್ನೊಂದು ಗುಂಡಿ ತೋಡಿದಳು. ದಿನಕ್ಕೆ ಹತ್ತು ಕೊಡ ಹೊತ್ತಳು, ಆಮೇಲೆ ಇಪ್ಪತ್ತು, ಆಮೇಲೆ ಎಣಿಸುವುದನ್ನು ಬಿಟ್ಟಳು. ಹಗೇವಿನ ಗೋಡೆಗಳು ಬೆವರತೊಡಗಿದಾಗ ಉಪ್ಪಿನ ಗಂಟು ಕಟ್ಟಿ ಒಳಗೆ ಇಳಿಬಿಟ್ಟಳು. ಉಪ್ಪು ಹೋದ ಕಡೆಗೆ ನೀರು ಹಿಂಬಾಲಿಸಿ ಹೋಗುತ್ತದೆ. ಬೆಳಿಗ್ಗೆ ಇಳಿಬಿಟ್ಟ ಒಣ ಗಂಟು ಸಂಜೆಗೆ ತೊಟ್ಟಿಕ್ಕುತ್ತಿತ್ತು. ಅದನ್ನು ಹೊರಗೆ ತಂದು, ಬಿಸಿಲಿಗೆ ಹಾಕಿ, ಒಣಗಿದ ಮೇಲೆ ಮತ್ತೆ ಕಟ್ಟುತ್ತಿದ್ದಳು. ನೂರು ಹಗೇವಿಗೆ ನೂರು ಗಂಟು.

ಬಾವಿಯ ಹತ್ತಿರ ಹೆಂಗಸರು ಅವಳನ್ನು ಕೆಣಕುತ್ತಿದ್ದರು. ‘ನಿನ್ನದು ಕುಳಿತು ಉಣ್ಣುವ ಕೆಲಸ ಕಣೇ. ಹುಲ್ಲು ತಾನಾಗಿ ಒಣಗುತ್ತದೆ. ನೀನು ನೆರಳಲ್ಲಿ ಕೂತಿರುತ್ತೀಯೆ.’

‘ಹೌದವ್ವ, ನಾನು ಪುಣ್ಯವಂತೆ’ ಎಂದು ಅವಳು ಕೊಡ ಎತ್ತಿಕೊಳ್ಳುತ್ತಿದ್ದಳು.

ಅಮಾವಾಸ್ಯೆ ಬರುತ್ತಿತ್ತು. ಹಿರಿಯ ಹುಲ್ಲು ಹಿಸುಕುತ್ತಿದ್ದ. ಹುಲ್ಲು ಗರಗರ ಎನ್ನುತ್ತಿತ್ತು. ಏತದವನಿಗೆ ಎಲೆ ಅಡಿಕೆ ಸಲ್ಲುತ್ತಿತ್ತು.

ಏತದವನಿಗೆ ಕಣ್ಣಿರಲಿಲ್ಲವೇ? ಇತ್ತು. ಹೊಂಡದ ನೀರು ಒಂದೊಂದೇ ಮೆಟ್ಟಿಲು ಏರಿದ್ದನ್ನು ಅವನು ನೋಡಿದ್ದ. ಈ ವರ್ಷ ಹಳ್ಳ ಜೋರಾಗಿದೆ ಎಂದುಕೊಂಡ. ತೋಳು ನೋಯುತ್ತಿತ್ತು. ಹವೆಯ ಗುಣ ಎಂದುಕೊಂಡ. ನಾನು ಸೋತಿದ್ದರೆ ಹುಲ್ಲು ಹೇಳುತ್ತಿತ್ತಲ್ಲ, ಎಂದುಕೊಂಡ.

ಇಲ್ಲಿ ಗುರುಗಳು ಮಾತು ನಿಲ್ಲಿಸಿ, ಪಕ್ಕದ ತಂಬಿಗೆಯಿಂದ ಒಂದು ಗುಟುಕು ನೀರು ಕುಡಿದರು.

ಬನವ್ವ ನೆಲ ನೋಡುತ್ತ ಕುಳಿತಿದ್ದಳು. ಅವಳ ಕಣ್ಣ ಮುಂದೆ ಹಗೇವು ಇರಲಿಲ್ಲ. ನೆಲದ ಕುಣಿಯಲ್ಲಿ ಕಾಲಿಳಿಬಿಟ್ಟು ಕೂತು ನೇಯುವ ಕುಣಿಮಗ್ಗವಿತ್ತು.

ಎರಡು ವರ್ಷದ ಹಿಂದೆ, ದೀಪಾವಳಿ ಕಳೆದ ಮೇಲೆ, ಕೂಡ್ಲೆಪ್ಪ ಎರಡೂವರೆ ಗೇಣಿಗೆ ಮಗ್ಗದಿಂದ ಎದ್ದ. ‘ಒಂದೀಟು ಅಡ್ಡಾಗತೀನಿ’ ಎಂದ. ಅಷ್ಟು ವರ್ಷದಲ್ಲಿ ಅವನು ಹಗಲು ಮಲಗಿದ್ದು ಅದೇ ಮೊದಲು. ಎದ್ದು ಬಂದವನು ನೇಯ್ದ ಬಟ್ಟೆಯನ್ನು ಗೇಣಿಟ್ಟು ಅಳೆದ. ಇನ್ನೊಮ್ಮೆ ಅಳೆದ. ಪಕ್ಕದಲ್ಲಿ ಕಂಡಿಕೆಗೆ ನೂಲು ಸುತ್ತುತ್ತಿದ್ದ ಬನವ್ವ ಅವನ ಮುಖ ನೋಡಿದಳು. ಆ ಮುಖವನ್ನು ಇನ್ನೊಂದು ದಿನ ನೋಡುವುದು ಅವಳಿಂದ ಆಗಲಿಲ್ಲ.

ಮರುದಿನ ಅವನು ಮಲಗಿದಾಗ ಅವಳು ಕುಣಿಗೆ ಇಳಿದಳು. ತವರಲ್ಲಿ ಅಪ್ಪನ ಮಗ್ಗದಲ್ಲಿ ಕಲಿತ ಕೈ ಮರೆತಿರಲಿಲ್ಲ. ಲಾಳಿ ಓಡಿತು. ಒಂದೂವರೆ ಗೇಣು ನೇಯ್ದು ಮೇಲೆ ಬಂದು ಕಂಡಿಕೆಯ ಮುಂದೆ ಕುಳಿತಳು. ಅವನು ಎದ್ದು ಅಳೆದ. ನಾಲ್ಕು ಗೇಣಿತ್ತು.

‘ನೋಡಬೇ, ನಿದ್ದಿಗಣ್ಣಾಗ ನೇಯ್ದರೂ ನಾಕಕ್ಕ ಕಡಿಮಿ ಇಲ್ಲ’ ಎಂದು ನಕ್ಕ.

ಅವಳೂ ನಕ್ಕಳು. ಅಂದಿನಿಂದ ದಿನವೂ ನಾಲ್ಕು ಗೇಣಾಯಿತು. ಅವನ ಎರಡೂವರೆ ಎರಡಾಯಿತು, ಎರಡು ಒಂದಾಯಿತು. ಅವಳದು ಅಷ್ಟಷ್ಟೇ ಏರಿತು. ಅವನಿಗೆ ಗೊತ್ತಾಗಲಿಲ್ಲವೋ, ಗೊತ್ತಾಗದಿರಲಿ ಎಂದು ಅವನೇ ಬಯಸಿದ್ದನೋ, ಬನವ್ವ ಕೇಳಲಿಲ್ಲ. ಪಕ್ಕದ ಮನೆಯ ಮುದುಕಿ ಮಾತ್ರ ಒಂದು ದಿನ ಗೋಡೆಯ ಮೇಲಿಂದ ಇಣುಕಿ, ‘ಬನವ್ವಾ, ನಿಮ್ಮ ಮಗ್ಗ ಮಧ್ಯಾಹ್ನದಾಗ ಹೆಣ್ಣಾಗತೈತಲ್ಲ!’ ಎಂದಿದ್ದಳು. ಮುದುಕಿಗೆ ಕಣ್ಣು ಮಂಜು. ಕಿವಿ ಚುರುಕು, ಮಗ್ಗದ ಬಡಿತ ಕೇಳಿಯೇ ಯಾರ ಕೈ ಎಂದು ಹೇಳುವಂಥದು. ‘ನಿಮಗ ವಯಸ್ಸಾತು, ಕಾಕೂ’ ಎಂದು ಬನವ್ವ ಹಾರಿಸಿಬಿಟ್ಟಳು.

ಮಠದ ಹಚ್ಚಡ ಮಗ್ಗಕ್ಕೇರಿದಾಗ ಅವಳು ಕುಣಿಯ ಅಂಚಿನಲ್ಲಿ ಒಂದು ಗಳಿಗೆ ನಿಂತಳು. ಒಂದೇ ಕೈಯದಾಗಿರಬೇಕಾದ ಬಟ್ಟೆ. ಆದರೂ ಇಳಿದು ನೇಯ್ದಳು.

ಕಳೆದ ವರ್ಷ ಕೆಮ್ಮು ಬಿಡದಿದ್ದಾಗ ಊರಿನ ಡಾಕ್ಟರ ಹತ್ತಿರ ಹೋಗಿದ್ದರು. ‘ಕೆಲಸ ಮಾಡುವಾಗ ದಣಿವಾಗುತ್ತದೆಯೇ?’ ಎಂದು ಅವರು ಕೇಳಿದರು. ‘ದಿನಾ ನಾಕು ಗೇಣು ನೇಯತೀನ್ರಿ’ ಎಂದ ಕೂಡ್ಲೆಪ್ಪ. ಹಾಗಾದರೆ ಹೆದರುವುದೇನಿಲ್ಲ ಎಂದು ಡಾಕ್ಟರು ಕೆಮ್ಮಿನ ಔಷಧ ಬರೆದರು. ಬನವ್ವ ಚೀಲ ಹಿಡಿದು ಪಕ್ಕದಲ್ಲೇ ನಿಂತಿದ್ದಳು. ಬಾಯಿ ತೆರೆದಳು. ಗಂಡನ ಮುಖ ನೋಡಿದಳು. ಬಾಯಿ ಮುಚ್ಚಿದಳು.

ಗುರುಗಳು ತಂಬಿಗೆಯನ್ನು ಕೆಳಗಿಟ್ಟು ಮುಂದುವರಿಸಿದರು.

ಏತದವನ ತೋಳು ಸೋಲತೊಡಗಿದ ಆರನೆಯ ವರ್ಷ ಹಿರಿಯರು ಕಟ್ಟೆಯ ಮೇಲೆ ಸೇರಿದರು. ‘ಹುಲ್ಲು ಮೊದಲಿನಷ್ಟೇ ಗರಿಗರಿಯಾಗಿದೆ. ಏತದವನ ತೋಳು ಇನ್ನೂ ಗಟ್ಟಿ. ಮೇಲಿನ ಹೊಲಗಳನ್ನು ಕೊರೆಯುವ ಇನ್ನೊಂದು ಹಳ್ಳವಿದೆಯಲ್ಲ, ಅದನ್ನೂ ಇದೇ ಹೊಂಡಕ್ಕೆ ತಿರುಗಿಸಿಬಿಡೋಣ’ ಎಂದರು. ಏತದವನ ಎದೆ ಉಬ್ಬಿತು. ‘ತಿರುಗಿಸಿ’ ಎಂದ.

ಬನವ್ವ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಳು. ನೂಲು ಕೊಡುವ ಸಾಹುಕಾರ ಯುಗಾದಿಯ ಮರುದಿನ ಮನೆಗೆ ಬಂದಿದ್ದ. ಹೇಳಿದ ದಿನಕ್ಕೆ ಬಟ್ಟೆ ಮುಗಿದದ್ದು ನೋಡಿ, ‘ಕೂಡ್ಲೆಪ್ಪಾ, ಈ ವಯಸ್ಸಿನಾಗ ಇಂಥಾ ಕೈ ಪ್ಯಾಟಿಯೊಳಗ ಇನ್ನೊಂದಿಲ್ಲೋ ಮಾರಾಯಾ’ ಎಂದು ಬೆನ್ನು ತಟ್ಟಿದ್ದ. ಅದೇ ವಾರ ನೇಯಲು ಇನ್ನೊಂದು ಹಾಸು ನೂಲು ಕಳಿಸಿದ್ದ. ಕೂಡ್ಲೆಪ್ಪ ಅದನ್ನು ಬೇಡ ಎನ್ನಲಿಲ್ಲ. ಬೆಳಿಗ್ಗೆ ಒಂದು ತಾಸು ಮೊದಲೇ ಮಗ್ಗಕ್ಕೆ ಇಳಿಯತೊಡಗಿದ.

ಹಗೇವಿನವಳು ಆ ಸಭೆಯ ಹಿಂದೆ ನಿಂತಿದ್ದಳು, ಎಂದರು ಗುರುಗಳು. ಹೇಳಬಹುದಿತ್ತು. ಈಗ ಹೇಳಿದರೆ ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದು ಕೇಳುತ್ತಾರೆ ಎನ್ನಿಸಿತು. ಕೊಡ ಎತ್ತಿಕೊಂಡು ಬಯಲಿಗೆ ಹೋದಳು.

ಹೊಸ ಹಳ್ಳ ಬಂದು ಕೂಡಿತು. ಹನ್ನೊಂದನೆಯ ದಿನ ಅವಳು ದಿಬ್ಬ ದಾಟಿ ಹೋಗಿ ಕೊಡ ಬಗ್ಗಿಸಿದಳು. ಸುರಿದ ನೀರು ಮುಂದೆ ಹರಿಯಲಿಲ್ಲ. ಅವಳ ಪಾದದ ಸುತ್ತ ನಿಂತಿತು. ಇನ್ನೊಂದು ಕೊಡ ತಂದು ಸುರಿದಳು. ಅದೂ ನಿಂತಿತು. ಆರು ವರ್ಷ ಮತ್ತೆ ಮತ್ತೆ ಬಂದ ಜಾಗ. ಅಲ್ಲಿಂದ ನೀರು ಎಲ್ಲಿಗೆ ಹೋಗುತ್ತದೆ ಎಂದು ಅವಳು ಒಂದು ದಿನವೂ ನೋಡಿರಲಿಲ್ಲ. ಬಯಲಿನಿಂದ ಹೊರಗೆ ಹೋದರೆ ಸಾಕಾಗಿತ್ತು. ಆ ದಿನ ಹಳ್ಳದ ದಂಡೆ ಹಿಡಿದು ನಡೆದಳು. ಹಳ್ಳ ದಿಬ್ಬವನ್ನು ಸುತ್ತಿ, ಕಳ್ಳಿಯ ಸಾಲಿನ ಹಿಂದೆ ತಿರುಗಿ, ಅದೇ ಹೊಂಡಕ್ಕೆ ಬಂದು ಸೇರಿತ್ತು. ಈಗ ಹೊಂಡ ತುಂಬಿ, ಹಳ್ಳವೇ ಹಿಂದಕ್ಕೆ ಒತ್ತಿ ನಿಂತಿತ್ತು.

ಅವಳು ಹೊತ್ತ ಒಂದೊಂದು ಕೊಡವೂ ಏತದವನ ಬಾನಿಗೇ ಮರಳಿತ್ತು.

“ರಕ್ತಕ್ಕನ ಹೋಗತೈತಂತ್ರಿ” ಎಂದಳು ಬನವ್ವ.

“ಯಾವುದು?”

“ಆ ಸಣ್ಣ ಕಾಲುವಿ ಹೊತ್ತ ನೀರು. ತಿರುಗಿ ರಕ್ತಕ್ಕನ ಕೂಡತೈತಂತ. ಅದೇ ಸೋತ ಹೃದಯಕ್ಕ ಬರತೈತಂತ. ಡಾಕ್ಟರು ಹೇಳಿದ್ದರು. ಈಗ ನೆನಪಾತು.”

ಗುರುಗಳು ತಲೆಯಾಡಿಸಿದರು.

ಹಗೇವಿನವಳು ಕೊಡವನ್ನು ಅಲ್ಲಿಯೇ ಬಿಟ್ಟು ಏತದ ಹತ್ತಿರ ಓಡಿದಳು.

‘ಅಣ್ಣಾ, ಇಳಿ. ನಿನ್ನ ಕೈಯಲ್ಲಿ ಆಗುತ್ತಿಲ್ಲ. ಇವತ್ತೇ ಇನ್ನಿಬ್ಬರನ್ನು ಕರೆಸು.’

ಅವನು ಹಗ್ಗ ಬಿಡದೆ ನಕ್ಕ. ‘ಮೊದಲು ಹುಲ್ಲು ನೋಡಿ ಬಾ ತಂಗಿ, ಆಮೇಲೆ ಮಾತಾಡು. ನಾನು ಸೋತಿದ್ದರೆ ಅದು ಹೇಳುತ್ತಿತ್ತು.’

‘ಹೇಳುತ್ತಿತ್ತು, ಅಣ್ಣಾ. ನಾನು ಹೇಳಗೊಡಲಿಲ್ಲ.’

ಅವನ ನಗು ನಿಂತಿತು. ಅವಳ ಹೆಗಲ ಮೇಲೆ ಕೊಡ ಕೂತು ಕೂತು ಆದ ಕಪ್ಪು ಗಾಯವನ್ನು ಅವನು ಮೊದಲ ಸಲ ನೋಡಿದ. ತಿರುಗಿ ಹಗ್ಗ ಎಳೆದ. ಹಿಂದೆಂದೂ ಎಳೆಯದ ಹಾಗೆ ಎಳೆದ. ಹನ್ನೆರಡು ಬಾನಿ ಮೇಲೆ ಬಂದವು. ಹದಿಮೂರನೆಯದು ಅರ್ಧಕ್ಕೆ ಬಂದಿತ್ತು. ಅವನು ಏತದ ಬುಡದಲ್ಲಿ ಕುಳಿತ. ಮತ್ತೆ ಏಳಲಿಲ್ಲ.

ಮೂರು ದಿನದ ಮೇಲೆ ಅಮಾವಾಸ್ಯೆ. ಹಿರಿಯ ಬಂದು ಹಗೇವಿನ ಕಲ್ಲು ಸರಿಸಿದ. ಬಿಸಿ ಹಬೆ ಮುಖಕ್ಕೆ ಹೊಡೆಯಿತು. ಕೈ ಇಟ್ಟರೆ ಜೋಳ ಬೆಚ್ಚಗೆ ಅಂಟಿಕೊಂಡಿತು. ಇನ್ನೊಂದು ತೆಗೆಸಿದ. ಮತ್ತೊಂದು ತೆಗೆಸಿದ. ನೂರೂ ಹಾಗೆಯೇ ಇದ್ದವು.

‘ನೀರು ಯಾವಾಗ ಬಂತು?’ ಎಂದು ಹಿರಿಯ ಕೇಳಿದ.

‘ಆರು ವರ್ಷವಾಯಿತು’ ಎಂದಳು ಹಗೇವಿನವಳು.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಬನವ್ವ ಕಾದಳು.

“ಆಮ್ಯಾಲ ಏನಾತ್ರಿ?”

“ಬಿತ್ತುವ ಕಾಲ ಬಂತು. ಬೀಜವಿರಲಿಲ್ಲ.”

ಬನವ್ವ ತಲೆ ಎತ್ತಿದಳು. ಅವಳ ಮಾತಿನಲ್ಲಿ ಸಿಟ್ಟಿತ್ತು. ಯಾರ ಮೇಲಿನ ಸಿಟ್ಟು ಎಂಬುದು ಅವಳಿಗೂ ತಿಳಿಯದು.

“ಆಕಿ ಕೆಟ್ಟಾಕಿ ಅಲ್ಲ, ಅಜ್ಜಾರ.”

“ಯಾರೂ ಹಾಗೆನ್ನಲಿಲ್ಲ. ಆ ಊರು ಐದು ವರ್ಷ ಬಿತ್ತಿದ್ದು ಅವಳು ಕಾಯ್ದ ಬೀಜ. ಕೊಡ ಹೊತ್ತದ್ದು ತಪ್ಪಲ್ಲ. ಅವಳು ಹೊರದಿದ್ದರೆ ಮೊದಲ ವರ್ಷವೇ ಹಗೇವು ಮುಳುಗುತ್ತಿತ್ತು. ನಿನ್ನ ಗಂಡನ ಎದೆಯೊಳಗಿನ ಕಾಲುವೆಗಳೂ ಅಷ್ಟೇ. ಅವು ಎರಡು ವರ್ಷ ಅವನ ಉಸಿರು ಉಳಿಸಿವೆ. ಅವುಗಳನ್ನು ಬೈಯಬೇಡ. ಅವುಗಳಿಗೆ ಹೊರುವುದು ಗೊತ್ತು. ಹೇಳುವುದಕ್ಕೆ ಬಾಯಿ ಕೊಟ್ಟಿಲ್ಲ.”

ಬನವ್ವ ಸೆರಗಿನಿಂದ ಮುಖ ಒರೆಸಿಕೊಂಡಳು.

“ಬೈಯೂದಿಲ್ರಿ. ನಾಳೆ ಅವರು ಬಂದು ಮಗ್ಗಕ್ಕ ಇಳಿತೀನಿ ಅಂದರ ನಾ ಏನು ಹೇಳಲಿ? ಡಾಕ್ಟರ ಮಾತಿಗೇ ನಕ್ಕವರು. ನನ್ನ ಮಾತು ಎಲ್ಲಿ ನಂಬತಾರ? ನಾಕು ಗೇಣಿನ ಲೆಕ್ಕ ತೋರಸ್ತಾರ.”

ಗುರುಗಳು ಹೆಗಲ ಮೇಲಿನ ಹಚ್ಚಡವನ್ನು ತೆಗೆದು ಅವಳ ಮಡಿಲಿಗೆ ಹಾಸಿದರು. ಅವಳ ಕೈ ಹಿಡಿಯಲಿಲ್ಲ, ತಮ್ಮ ಹೆಬ್ಬೆರಳನ್ನೇ ಒಂದು ಕಡೆ ಇಟ್ಟು ತೋರಿಸಿದರು. ಅಲ್ಲಿಯವರೆಗೆ ನೇಯ್ಗೆಯ ಬಡಿತ ಬಿಗಿಯಾಗಿತ್ತು. ಅಲ್ಲಿಂದ ಮುಂದೆ ಕೂದಲೆಳೆಯಷ್ಟು ಸಡಿಲ. ಒಂದು ಗೇಣಿನಾಚೆ ಮತ್ತೆ ಬಿಗಿ. ಆಮೇಲೆ ಮತ್ತೆ ಸಡಿಲ. ಕಣ್ಣಿಗೆ ಕಾಣುವಂಥದಲ್ಲ. ಮಗ್ಗದ ಮನೆಯಲ್ಲಿ ಹುಟ್ಟಿದ ಬೆರಳಿಗೆ ಮಾತ್ರ ಸಿಗುವಂಥದು. ಅದನ್ನು ಅವರು ಒಂದು ವರ್ಷದಿಂದ ಹೊದ್ದಿದ್ದರು.

“ಇದರಲ್ಲಿ ಕೂಡ್ಲೆಪ್ಪನದು ಎಷ್ಟು ಗೇಣು, ತಾಯಿ?”

ಬನವ್ವ ಸಡಿಲವಾದ ಕಡೆ ತನ್ನ ಗೇಣಿಟ್ಟು, ಒಂದೊಂದಾಗಿ ಎಣಿಸತೊಡಗಿದಳು.